ಮೈದಾನದ ಖಾತೆ ಯಾರ ಹೆಸರಿನಲ್ಲಿದೆ?



ವಿಶಾಖಪಟ್ಟಣದ ಬಂದರಿಗೆ ಕಬ್ಬಿಣದ ಅದಿರಿನ ರೈಲು ಬರುವುದು ಹೊಸ ಸುದ್ದಿಯೇನಲ್ಲ. ಛತ್ತೀಸಗಢದ ದಾಂತೇವಾಡ ಜಿಲ್ಲೆಯಲ್ಲಿ ಬೈಲಾಡಿಲ ಅಂತ ಒಂದು ಬೆಟ್ಟಸಾಲು ಇದೆ. ಅಲ್ಲಿನ ಕಿರಂದುಲ್ ಎಂಬ ಊರಿನಲ್ಲಿ ಹೊರಟ ಗೂಡ್ಸ್ ಗಾಡಿ ಅರಕು ಕಣಿವೆಯ ಸುರಂಗಗಳನ್ನು ಒಂದೊಂದಾಗಿ ನುಂಗಿಕೊಂಡು, ಕೊತ್ತವಲಸದ ಬಳಿ ಬಯಲಿಗಿಳಿದು, ಈ ಊರಿನ ಕಡಲಂಚಿಗೆ ಬಂದು ನಿಲ್ಲುತ್ತದೆ. ಜಪಾನಿಗೆ ಅದಿರು ಕಳಿಸಲೆಂದೇ, ಜಪಾನಿನ ನೆರವು ಪಡೆದೇ, 1960ರ ದಶಕದಲ್ಲಿ ಹಾಕಿದ ಹಳಿ ಅದು. ಬಂದರಿನೊಳಗೆ ಟಿಪ್ಲರ್ ಅಂತ ಒಂದು ಯಂತ್ರವಿದೆ. ತುಂಬಿದ ವ್ಯಾಗನ್ನನ್ನು ಹಳಿಯ ಸಮೇತ ಬಿಗಿಯಾಗಿ ಹಿಡಿದುಕೊಂಡು ಅದು ಹಾಗೇ ಮಗುಚಿಬಿಡುತ್ತದೆ. ಕೆಂಪು ಅದಿರೆಲ್ಲ ಧಡಧಡನೆ ಕೆಳಗಿನ ಗುಂಡಿಗೆ ಸುರಿದು, ಬೆಲ್ಟಿನ ಮೇಲೆ ಹಡಗಿನ ಕಡೆಗೆ ಹೊರಡುತ್ತದೆ. ವ್ಯಾಗನ್ನು ಮತ್ತೆ ನೆಟ್ಟಗಾಗಿ, ಖಾಲಿ ಹೊಟ್ಟೆಯಲ್ಲಿ ಬೆಟ್ಟದ ಕಡೆ ತಿರುಗುತ್ತದೆ.

ಆದರೆ ನಾನು ಈಗ ಮಾತಾಡಹೊರಟಿರುವುದು ಫುಟ್ಬಾಲಿನ ಬಗ್ಗೆ. ಅದಿರಿಗೂ ಚೆಂಡಿಗೂ ಎಲ್ಲಿಯ ಸಂಬಂಧ ಅನ್ನಬೇಡಿ. ಕೆಲಸದ ಸಲುವಾಗಿ ವಿಶಾಖಪಟ್ಟಣಕ್ಕೂ ವಿಜಯವಾಡಕ್ಕೂ ರತ್ನಾಚಲ್ ಎಕ್ಸ್‌ಪ್ರೆಸ್ಸಿನಲ್ಲಿ ಓಡಾಡುವ ಕನ್ನಡಿಗರಲ್ಲಿ ನಾನೂ ಒಬ್ಬ. ಎದುರಿನಿಂದ ಅದಿರಿನ ಗಾಡಿ ಹಾದಾಗಲೆಲ್ಲ ನನಗೆ ಒಂದೇ ಪ್ರಶ್ನೆ ಏಳುತ್ತದೆ. ನೆಲದಿಂದ ಇಷ್ಟೆಲ್ಲ ತೆಗೆದ ಊರುಗಳಿಗೆ ಉಳಿಯುವುದೇನು? ಮನೆ ಉಳಿಯುತ್ತದೋ, ಆಸ್ಪತ್ರೆ ಉಳಿಯುತ್ತದೋ, ಸಂಜೆ ಹುಡುಗರು ಆಡುವ ಬಯಲಾದರೂ ಉಳಿಯುತ್ತದೋ? ಇದಕ್ಕೆ ಉತ್ತರ ಹುಡುಕಲು ನಾನು ಹಿಡಿದ ಎಳೆ ಮೆಕ್ಸಿಕೋದ್ದು.

ಮೆಕ್ಸಿಕೋದ ನಡುಭಾಗದಲ್ಲಿ, ಸಮುದ್ರಮಟ್ಟಕ್ಕಿಂತ ಎರಡು ಸಾವಿರದ ನಾಲ್ಕುನೂರು ಮೀಟರಿನಷ್ಟು ಎತ್ತರದಲ್ಲಿ ಸಕಾತೆಕಾಸ್ ಎಂಬ ನಗರವಿದೆ. 1546ರಲ್ಲಿ ಸ್ಪೇನಿನವರಿಗೆ ಅಲ್ಲಿ ಬೆಳ್ಳಿ ಸಿಕ್ಕಿತು. ಮುಂದಿನ ಮುನ್ನೂರು ವರ್ಷ ಆ ಬೆಳ್ಳಿ ಪ್ರಪಂಚವನ್ನೆಲ್ಲ ಸುತ್ತಿತು. ಅದರ ದುಡ್ಡಿನಲ್ಲಿ ಕಟ್ಟಿದ ಚರ್ಚುಗಳೂ ಮನೆಗಳೂ ನಸುಗೆಂಪು ಕಲ್ಲಿನವು. 1993ರಿಂದ ಆ ಹಳೆಯ ಊರು ಯುನೆಸ್ಕೋದ ಪಟ್ಟಿಯಲ್ಲಿದೆ. ಈ ಊರಿನ ಫುಟ್ಬಾಲ್ ತಂಡದ ಹೆಸರು ಮಿನೆರೋಸ್, ಅಂದರೆ ಗಣಿ ಕೆಲಸದವರು. ದೇಶದ ಎರಡನೇ ದರ್ಜೆಯ ಲೀಗಿನಲ್ಲಿ ಆಡುತ್ತದೆ.

ಹೆಸರು ಕೇಳಿದರೆ, ಪಾಳಿ ಮುಗಿಸಿ ಮೇಲೆ ಬಂದ ಕೂಲಿಕಾರರು ಕಟ್ಟಿದ ತಂಡ ಅನ್ನಿಸುತ್ತದಲ್ಲವೇ? ಹಾಗೇನಿಲ್ಲ. ಈ ತಂಡ ಸಕಾತೆಕಾಸಿಗೆ ಬಂದದ್ದು 2014ರಲ್ಲಿ. ಅದಕ್ಕೆ ಮುಂಚೆ ಗ್ವಾದಲಹಾರ ನಗರಕ್ಕೆ ಅಂಟಿಕೊಂಡ ಜಪೋಪಾನ್‌ನಲ್ಲಿ ತೆಕೋಸ್ ಎಂಬ ಬೇರೆ ಹೆಸರಿನಲ್ಲಿ ಆಡುತ್ತಿತ್ತು. ಒಂದು ಉದ್ಯಮ ಸಮೂಹ ಅದನ್ನು ಕೊಂಡುಕೊಂಡು, ಬುಡಸಮೇತ ಕಿತ್ತು, ನೂರಾರು ಕಿಲೋಮೀಟರ್ ಆಚೆ ನೆಟ್ಟು, ಊರಿನವರಿಗೆ ಹತ್ತಿರವಾಗಲಿ ಅಂತ ಗಣಿಯ ಹೆಸರಿಟ್ಟಿತು. ಮೆಕ್ಸಿಕೋದಲ್ಲಿ ಇದು ಮಾಮೂಲು. ಅಲ್ಲಿ ಲೀಗಿನ ಜಾಗ ಅನ್ನುವುದು ನಮ್ಮಲ್ಲಿ ಬಸ್ಸಿನ ಪರ್ಮಿಟ್ ಇದ್ದ ಹಾಗೆ. ಇದ್ದವನು ಮಾರಬಹುದು, ಕೊಂಡವನು ಬೇರೆ ರೂಟಿನಲ್ಲಿ ಓಡಿಸಬಹುದು.

ಇದರ ಜೊತೆಗೆ ಇನ್ನೊಂದು ಕಷ್ಟ. ಮೆಕ್ಸಿಕೋದಲ್ಲಿ ಮೊದಲ ದರ್ಜೆಯಿಂದ ಯಾರನ್ನು ಕೆಳಗಿಳಿಸಬೇಕೆಂಬುದನ್ನು ಒಂದು ವರ್ಷದ ಆಟ ನೋಡಿ ತೀರ್ಮಾನಿಸುತ್ತಿರಲಿಲ್ಲ. ಮೂರು ವರ್ಷದ ಅಂಕಗಳ ಸರಾಸರಿ ತೆಗೆಯುತ್ತಿದ್ದರು. ದೊಡ್ಡ ತಂಡ ಒಂದು ವರ್ಷ ಮಕಾಡೆ ಬಿದ್ದರೂ ಹಳೆಯ ಅಂಕಗಳು ಕೈಹಿಡಿಯುತ್ತಿದ್ದವು. ಹೊಸದಾಗಿ ಮೇಲೆ ಬಂದ ಬಡ ತಂಡಕ್ಕೆ ಹಳೆಯ ಗಂಟು ಎಲ್ಲಿಂದ ಬರಬೇಕು? ಅದೇ ಮತ್ತೆ ಕೆಳಗೆ. 2020ರಲ್ಲಿ ಈ ಏಣಿಯನ್ನೂ ತೆಗೆದರು. ಕೊರೋನಾ ಕಾಲದಲ್ಲಿ, ಕೆಳದರ್ಜೆಯ ತಂಡಗಳ ಹಣಕಾಸು ಹದಗೆಟ್ಟಿದೆ ಎಂಬ ಕಾರಣ ಕೊಟ್ಟು, ಬಡ್ತಿ ಮತ್ತು ಹಿಂಬಡ್ತಿಯನ್ನು ತಡೆಹಿಡಿದರು. ಅಲ್ಲಿಂದೀಚೆಗೆ ಮಿನೆರೋಸ್ ಎಷ್ಟೇ ಚೆನ್ನಾಗಿ ಆಡಿದರೂ ಮೇಲಿನ ದರ್ಜೆಗೆ ಹೋಗುವ ದಾರಿಯಿಲ್ಲದಾಯಿತು. ಸಕಾತೆಕಾಸಿನ ಪಕ್ಕದಲ್ಲೇ ಫ್ರೆಸ್ನಿಯೋ ಎಂಬ ಪಟ್ಟಣವಿದೆ, ಬೆಳ್ಳಿಯ ಗಣಿ ಈಗಲೂ ಜೋರಾಗಿ ನಡೆಯುತ್ತಿರುವ ಊರು. ಅಲ್ಲಿಯೂ ಇದೇ ಹೆಸರಿನ, ಇನ್ನೂ ಕೆಳಗಿನ ದರ್ಜೆಯ ಒಂದು ತಂಡವಿದೆ. ಅದರ ಪಾಡೂ ಇಷ್ಟೇ.

ಹಾಗಾದರೆ ಗಣಿ ಕೆಲಸದವರೇ ಕಾಲಲ್ಲಿ ಆಡಿ ಹುಟ್ಟಿಸಿದ ತಂಡ ಮೆಕ್ಸಿಕೋದಲ್ಲಿ ಇಲ್ಲವೇ? ಇದೆ. ಅದು ಪಚೂಕಾ. ಅದರ ಕತೆಯಲ್ಲಿ ನಮ್ಮ ಕೋಲಾರದ ಕತೆಯೂ ಸೇರಿಕೊಂಡಿದೆ.

ಇಂಗ್ಲೆಂಡಿನ ನೈಋತ್ಯ ಮೂಲೆಯಲ್ಲಿ ಕಾರ್ನ್‌ವಾಲ್ ಅಂತ ಒಂದು ಸೀಮೆ. ತವರ ಮತ್ತು ತಾಮ್ರದ ಗಣಿಗಳ ನಾಡು. ಆಳದ ಗಣಿಯಿಂದ ನೀರೆತ್ತುವ ಉಗಿಯಂತ್ರಗಳಲ್ಲಿ ಅಲ್ಲಿನವರನ್ನು ಮೀರಿಸುವವರಿರಲಿಲ್ಲ. 1824ರಲ್ಲಿ ಜಾನ್ ಟೇಲರ್ ಎಂಬ ಗಣಿ ಎಂಜಿನಿಯರನ ಮುಂದಾಳ್ತನದಲ್ಲಿ ಲಂಡನ್ನಿನಲ್ಲಿ ಒಂದು ಕಂಪನಿ ಶುರುವಾಯಿತು. ಪಚೂಕಾದ ಮೇಲಿನ ಬೆಟ್ಟದಲ್ಲಿರುವ ರಿಯಲ್ ದೆಲ್ ಮೊಂತೆ ಎಂಬಲ್ಲಿ ನೀರು ತುಂಬಿ ಪಾಳುಬಿದ್ದಿದ್ದ ಬೆಳ್ಳಿಗಣಿಗಳನ್ನು ಅದು ಗುತ್ತಿಗೆ ಹಿಡಿಯಿತು. ಮರುವರ್ಷ ಹಡಗುಗಳಲ್ಲಿ ಕಬ್ಬಿಣದ ಭಾರೀ ಯಂತ್ರಗಳೂ ಕಾರ್ನ್‌ವಾಲಿನ ಆಳುಗಳೂ ವೆರಾಕ್ರೂಸ್ ತೀರಕ್ಕೆ ಬಂದಿಳಿದರು. ಇಳಿದವರಲ್ಲಿ ಅನೇಕರು ಹಳದಿ ಜ್ವರಕ್ಕೆ ತುತ್ತಾಗಿ ಬೆಟ್ಟದ ಮುಖವನ್ನೂ ನೋಡದೆ ಸತ್ತರು. ಉಳಿದವರು ಸಾವಿರಾರು ಅಡಿ ಎತ್ತರಕ್ಕೆ, ದಾರಿಯೇ ಇಲ್ಲದ ಕಡೆ ದಾರಿ ಮಾಡಿಕೊಂಡು, ಆ ಯಂತ್ರಗಳನ್ನು ಹೇಸರಗತ್ತೆಗಳಿಂದ ಎಳೆಸಿ ಮೇಲೆ ಸೇರಿಸಿದರು.

ಕಂಪನಿಗೆ ಲಾಭವಾಗಲಿಲ್ಲ. 1849ರ ಹೊತ್ತಿಗೆ ಭಾರೀ ನಷ್ಟ ಮಾಡಿಕೊಂಡು ಮೆಕ್ಸಿಕೋದವರಿಗೇ ಮಾರಿ ಕೈತೊಳೆದುಕೊಂಡಿತು. ಕಾರ್ನ್‌ವಾಲಿನ ಜನ ಮಾತ್ರ ಅಲ್ಲೇ ಬೇರುಬಿಟ್ಟರು. ಅವರ ಚರ್ಚು, ಅವರ ಇಳಿಜಾರು ಮಾಡಿನ ಮನೆ, ಅವರ ಸ್ಮಶಾನ ಇವತ್ತಿಗೂ ಆ ಬೆಟ್ಟದ ಮೇಲಿವೆ. ಅವರ ತಿಂಡಿಯೂ ಉಳಿದುಕೊಂಡಿದೆ. ಅದು ಮಾಂಸ, ಆಲೂಗಡ್ಡೆ ಒಳಗಿಟ್ಟು, ಅಂಚನ್ನು ದಪ್ಪಗೆ ಹೆಣೆದು ಸುಟ್ಟ ಕಡುಬು. ಗಣಿಯ ಮಸಿ ಹತ್ತಿದ ಕೈಯಲ್ಲಿ ಅಂಚು ಹಿಡಿದು ತಿಂದು, ಹಿಡಿದ ಅಂಚನ್ನು ಎಸೆಯಬಹುದು ಎಂಬುದು ಆ ಹೆಣಿಗೆಯ ಉಪಯೋಗ ಅನ್ನುತ್ತಾರೆ. ಮೆಕ್ಸಿಕೋದವರು ಅದಕ್ಕೆ ತಮ್ಮ ಮೆಣಸಿನಕಾಯಿ ಸೇರಿಸಿ ಪಾಸ್ತೆ ಎಂದು ಕರೆದರು. ಈಗ ಆ ಊರಿನಲ್ಲಿ ಅದಕ್ಕೊಂದು ವಸ್ತುಸಂಗ್ರಹಾಲಯವೇ ಇದೆ. ನಮ್ಮಲ್ಲಿ ಮೈಸೂರ್ ಪಾಕಿಗೂ ಇಂಥದ್ದೊಂದು ಆಗಲಿ ಅಂತ ಯಾರಾದರೂ ಮನವಿ ಕೊಟ್ಟರೆ ಸಹಿ ಹಾಕಲು ನಾನು ಸಿದ್ಧ.

ಇದೇ ಕಾರ್ನ್‌ವಾಲಿನವರ ಮೊಮ್ಮಕ್ಕಳ ಕಾಲಕ್ಕೆ ಗಣಿಯ ಅಂಗಳದಲ್ಲಿ ಚೆಂಡು ಬಂತು. 1901ರಲ್ಲಿ ಪಚೂಕಾ ಅಥ್ಲೆಟಿಕ್ ಕ್ಲಬ್ ಹುಟ್ಟಿತು. ಮರುವರ್ಷ ಮೆಕ್ಸಿಕೋದ ಮೊದಲ ಲೀಗ್ ಶುರುವಾದಾಗ ಅದರಲ್ಲಿದ್ದದ್ದು ಐದೇ ತಂಡ, ಪಚೂಕಾ ಅವುಗಳಲ್ಲೊಂದು. 1904-05ರಲ್ಲಿ ಅದೇ ಚಾಂಪಿಯನ್. ಮೊದಮೊದಲು ಆಟಗಾರರೆಲ್ಲ ಬ್ರಿಟಿಷ್ ಮೂಲದವರು. ಬರಬರುತ್ತಾ ಮೆಕ್ಸಿಕೋದ ಹುಡುಗರು ಸೇರಿದರು. ಕ್ರಾಂತಿಯ ಗಲಭೆ ಎದ್ದಿತು, ಬ್ರಿಟಿಷರು ಗಂಟುಮೂಟೆ ಕಟ್ಟಿದರು. 1920ರ ಸುಮಾರಿಗೆ ಕೊನೆಯ ಪ್ರಶಸ್ತಿಗಳನ್ನು ಗೆದ್ದು ತಂಡವೂ ಕಣ್ಣುಮುಚ್ಚಿತು.

ದಶಕಗಳ ನಂತರ ಅದೇ ಹೆಸರಿನಲ್ಲಿ ತಂಡ ಮತ್ತೆ ಎದ್ದಿತು, ಎರಡನೇ ದರ್ಜೆಯಲ್ಲಿ. 1967ರಲ್ಲಿ ಮೇಲೆ ಹತ್ತಿತು, 1973ರಲ್ಲಿ ಇಳಿಯಿತು. ಆಮೇಲೆ ಸುಮಾರು ಇಪ್ಪತ್ತು ವರ್ಷ ಕೆಳದರ್ಜೆಯ ವನವಾಸ. 1992ರಲ್ಲಿ ಹತ್ತಿ ಮರುವರ್ಷವೇ ಜಾರಿತು, 1996ರಲ್ಲಿ ಹತ್ತಿ ಮತ್ತೆ ಜಾರಿತು, 1998ರಲ್ಲಿ ಮೂರನೇ ಸಲ ಹತ್ತಿ ಗಟ್ಟಿಯಾಗಿ ಕೂತಿತು. 1999ರಲ್ಲಿ ದೇಶದ ಚಾಂಪಿಯನ್. 2006ರಲ್ಲಿ ದಕ್ಷಿಣ ಅಮೆರಿಕದ ಸುದಾಮೆರಿಕಾನಾ ಕಪ್ಪನ್ನು ಚಿಲಿಯ ಕೊಲೊ ಕೊಲೊ ತಂಡದ ಎದುರು, ಅವರ ನೆಲದಲ್ಲೇ ಗೆದ್ದು ತಂದಿತು. ಬೇರೆ ಯಾವ ಮೆಕ್ಸಿಕನ್ ತಂಡವೂ ಆ ಖಂಡದ ಕಪ್ ಗೆದ್ದಿಲ್ಲ. ಅಭಿಮಾನಿಗಳು ಇವರನ್ನು ತೂಸೋಸ್ ಎಂದು ಕರೆಯುತ್ತಾರೆ. ತೂಸೋ ಎಂದರೆ ನೆಲ ಕೊರೆದು ಬಿಲ ಮಾಡುವ, ನಮ್ಮ ಹೆಗ್ಗಣದಂಥ ಪ್ರಾಣಿ. ಗಣಿಯೂರಿನ ತಂಡ ಅದನ್ನು ಎದೆಯ ಮೇಲೆ ಹೊತ್ತು ಆಡುತ್ತದೆ.

ಈ ಪುನರ್ಜನ್ಮಕ್ಕೆ ಕಾರಣ ಏನು? ಗಣಿಯ ದುಡ್ಡಲ್ಲ. ಮೊದಲು ಇದಾಲ್ಗೊ ರಾಜ್ಯ ಸರ್ಕಾರ ತಂಡವನ್ನು ಹೊತ್ತುಕೊಂಡಿತ್ತು. 1995ರಲ್ಲಿ ಹೆಸೂಸ್ ಮಾರ್ತಿನೆಸ್ ಎಂಬ ಉದ್ಯಮಿಯ ಗುಂಪಿಗೆ ವಹಿಸಿತು. ಆತ ಫುಟ್ಬಾಲಿಗೆ ಸಂಬಂಧಪಟ್ಟ ಒಂದು ವಿಶ್ವವಿದ್ಯಾಲಯವನ್ನೇ ಆ ಊರಿನಲ್ಲಿ ಕಟ್ಟಿಸಿದ, ಮಕ್ಕಳ ತರಬೇತಿಗೆ ಮೈದಾನಗಳನ್ನು ಮಾಡಿಸಿದ. ಅಲ್ಲಿ ಕಲಿತು ಬಂದವನೇ ಹಿರ್ವಿಂಗ್ ಲೊಸಾನೊ. 2018ರ ವಿಶ್ವಕಪ್ಪಿನಲ್ಲಿ ಜರ್ಮನಿಯ ಎದುರು ಗೋಲು ಹೊಡೆದ ಹುಡುಗ, ನೆನಪಿರಬೇಕು ನಿಮಗೆ. ಈಗ ತಮಾಷೆ ಕೇಳಿ. ಸಕಾತೆಕಾಸಿಗೆ ತಂಡ ತಂದು ನೆಟ್ಟ ಉದ್ಯಮ ಸಮೂಹ ಇದೆಯಲ್ಲ, ಅದು ಇದೇ ಪಚೂಕಾದವರದ್ದು! ಏಣಿ ಹತ್ತಿ ಮೇಲೆ ಬಂದ ಗಣಿಯೂರಿನ ತಂಡ ಇನ್ನೊಂದು ಗಣಿಯೂರಿಗೆ ತಂಡ ಕೊಟ್ಟಿತು. ಕೊಟ್ಟ ಆರು ವರ್ಷಕ್ಕೆ ಏಣಿಯೇ ಇಲ್ಲವಾಯಿತು.

ಇನ್ನು ಕೋಲಾರಕ್ಕೆ ಬರೋಣ. ರಿಯಲ್ ದೆಲ್ ಮೊಂತೆಯಲ್ಲಿ ಕೈಸುಟ್ಟುಕೊಂಡ ಜಾನ್ ಟೇಲರ್ 1863ರಲ್ಲಿ ತೀರಿಕೊಂಡ. ಆದರೆ ಮನೆತನದ ವ್ಯವಹಾರ ನಿಲ್ಲಲಿಲ್ಲ. ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಅದೇ ಸಂಸ್ಥೆ 1880ರಲ್ಲಿ ಮೈಸೂರು ಸಂಸ್ಥಾನದ ಕೋಲಾರ ಸೀಮೆಗೆ ಕಾಲಿಟ್ಟಿತು. ಅದಕ್ಕೂ ಮುಂಚೆ ಲ್ಯಾವೆಲ್ ಎಂಬ ನಿವೃತ್ತ ಐರಿಷ್ ಸೈನಿಕ ಇಲ್ಲಿ ಚಿನ್ನ ಹುಡುಕುವ ಪರವಾನಗಿ ಪಡೆದು ಕೈಸೋತಿದ್ದ. ಟೇಲರ್ ಸಂಸ್ಥೆ ಕಾರ್ನ್‌ವಾಲಿನ ಅನುಭವಿಗಳನ್ನು ಇಲ್ಲಿಗೂ ಕರೆಸಿತು. ಮೆಕ್ಸಿಕೋದ ಬೆಟ್ಟಕ್ಕೆ ಯಂತ್ರ ಹೊತ್ತ ಸೀಮೆಯ ಜನವೇ ಎರಡು ತಲೆಮಾರು ಕಳೆದು ಊರಿಗಾಂ, ಚಾಂಪಿಯನ್ ರೀಫ್, ಮಾರಿಕುಪ್ಪಂಗಳಲ್ಲಿ ಬಂಗಲೆ ಕಟ್ಟಿಕೊಂಡು ಕೂತರು. 1902ರಲ್ಲಿ ಪಚೂಕಾದ ತಂಡ ಮೊದಲ ಲೀಗ್ ಆಡುವ ಹೊತ್ತಿಗೆ, ಇಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು ನೂರೈವತ್ತು ಕಿಲೋಮೀಟರ್ ತಂತಿಯ ಮೇಲೆ ಓಡಿಬಂದು ಗಣಿಯ ಗಾಲಿ ತಿರುಗಿಸತೊಡಗಿತ್ತು. ಬೆಂಗಳೂರಿಗೇ ಆಗಿನ್ನೂ ಕರೆಂಟಿರಲಿಲ್ಲ.

ಆ ಊರಿನ ಕೆಲಸ ಎಂಥದ್ದು ಅನ್ನುವುದನ್ನು ಒಂದು ಮಾತಿನಲ್ಲಿ ಹೇಳಿ ಮುಗಿಸಲಾಗದು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಅಷ್ಟು ಆಳದಲ್ಲಿ ಬಂಡೆಯ ಶಾಖ ಅರವತ್ತು ಡಿಗ್ರಿ ದಾಟುತ್ತಿತ್ತು. ಒತ್ತಡ ತಾಳಲಾರದೆ ಬಂಡೆ ಇದ್ದಕ್ಕಿದ್ದಂತೆ ಸಿಡಿಯುತ್ತಿತ್ತು. ಆ ಸಿಡಿತಕ್ಕೆ ಮೇಲೆ ಕೂಲಿಕಾರರ ಸಾಲುಮನೆಗಳ ಲೈನುಗಳಲ್ಲಿ ಪಾತ್ರೆ ಅಲುಗಿ, ಯಾರ ಮನೆಯವರು ಕೆಳಗಿದ್ದಾರೋ ಅಂತ ಹೆಂಗಸರು ಶಾಫ್ಟಿನ ಬಾಯಿಗೆ ಓಡುತ್ತಿದ್ದರು. ಕೆಲಸಗಾರರು ಬಹುಪಾಲು ಉತ್ತರ ಆರ್ಕಾಟಿನ ತಮಿಳರು, ಅವರಲ್ಲೂ ದಲಿತರೇ ಹೆಚ್ಚು. ಜೊತೆಗೆ ಚಿತ್ತೂರು ಸೀಮೆಯ ತೆಲುಗರು, ಕನ್ನಡದವರು. ಮೂವತ್ತು ಸಾವಿರಕ್ಕೂ ಮೀರಿ ಆಳುಗಳಿದ್ದ ಕಾಲವಿತ್ತು. ದೊರೆಗಳ ಕ್ಲಬ್ಬಿನಲ್ಲಿ ಗಾಲ್ಫ್, ಟೆನಿಸ್. ಲೈನುಗಳ ಕಡೆ ಫುಟ್ಬಾಲ್. ಗಾಲ್ಫಿಗೆ ಕೋಲು ಬೇಕು, ಹುಲ್ಲು ಬೇಕು, ಚೆಂಡು ಹೆಕ್ಕಲು ಒಬ್ಬ ಹುಡುಗ ಬೇಕು. ಫುಟ್ಬಾಲಿಗೆ ಇಪ್ಪತ್ತೆರಡು ಜೊತೆ ಬರಿಗಾಲು, ಒಂದು ಚೆಂಡು ಸಾಕು. ಹತ್ತು ಗಂಟೆ ಕತ್ತಲಲ್ಲಿ ಕೂತು ಮೇಲೆ ಬಂದವನಿಗೆ ಬಿಸಿಲಿನಲ್ಲಿ ಓಡುವುದೇ ಒಂದು ಭೋಗ ಅಂತ ನನಗೆ ತೋರುತ್ತದೆ. ಗಣಿ ಇರುವ ಕಡೆಯೆಲ್ಲ ಈ ಆಟ ಹಬ್ಬಿದ್ದಕ್ಕೆ ಪಂಡಿತರು ಏನೇನೋ ಕಾರಣ ಕೊಡುತ್ತಾರೆ. ನನಗೆ ಇದೊಂದೇ ಕಾರಣ ಸಾಕಾಗಿದೆ.

ನಮ್ಮ ನಾಡಿನ ಫುಟ್ಬಾಲಿಗೂ ಅದು ಒಳ್ಳೆಯ ಕಾಲ. 1946-47ರಲ್ಲಿ ಮೈಸೂರು ತಂಡ ರಾಷ್ಟ್ರಮಟ್ಟದ ಸಂತೋಷ್ ಟ್ರೋಫಿ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಮೈಸೂರು ಮತ್ತೆ 1952-53ರಲ್ಲಿ, ಆಮೇಲೆ 1967-68, 1968-69ರಲ್ಲಿ ಸಾಲಾಗಿ ಎರಡು ಸಲ ಗೆದ್ದಿತು. ಕಾಲು ಚುರುಕಾಗಿದ್ದ ಹುಡುಗನಿಗೆ ಬೆಂಗಳೂರಿನ ಕಾರ್ಖಾನೆ ತಂಡಗಳಲ್ಲಿ ಕೆಲಸ ಸಿಗುವ ಆಸೆ ಇತ್ತು. ಓಟದಲ್ಲಂತೂ ಈ ಕೋಲಾರದ ಗಣಿಯೂರು ಕೆ.ಜಿ.ಎಫ್. ಒಬ್ಬ ಒಲಿಂಪಿಯನ್ನನನ್ನೇ ಕೊಟ್ಟಿತು. 1964ರ ಟೋಕಿಯೋದಲ್ಲಿ ಭಾರತಕ್ಕಾಗಿ ಓಡಿದ ಕೆನೆತ್ ಪವೆಲ್ ಹುಟ್ಟಿದ್ದು ಅಲ್ಲೇ.

1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಗೆ ಬಂದವು. 1962ರಲ್ಲಿ ಕೇಂದ್ರಕ್ಕೆ ಹೋದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. 2001ರ ಫೆಬ್ರವರಿ 28ರಂದು ಬಾಗಿಲು ಬಿತ್ತು. ಸುಮಾರು ಎಂಟುನೂರು ಟನ್ ಚಿನ್ನ ತೆಗೆದ ಮೇಲೆ ಊರಿಗೆ ಉಳಿದದ್ದು ಬೂದುಬಣ್ಣದ ಸೈನೈಡ್ ದಿಬ್ಬಗಳು. ಗಾಳಿ ಎದ್ದ ದಿನ ಅದರ ಪುಡಿ ಮನೆಯೊಳಗಿನ ಅನ್ನದ ತಟ್ಟೆಗೂ ಬರುತ್ತದೆ. ಹುಡುಗರು ಮುಂಜಾನೆ ಕತ್ತಲಲ್ಲೇ ಎದ್ದು ಮಾರಿಕುಪ್ಪಂ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ, ರಾತ್ರಿ ತಿರುಗಿ ಬರುತ್ತಾರೆ. ಆಡುವ ಹೊತ್ತೆಲ್ಲ ರೈಲಿನಲ್ಲೇ ಕಳೆಯುತ್ತದೆ. ಸಿನಿಮಾದಿಂದ ಕೆ.ಜಿ.ಎಫ್. ಹೆಸರು ದೇಶದ ಮಕ್ಕಳ ಬಾಯಲ್ಲೆಲ್ಲ ಬಂತು. ಅಲ್ಲಿ ಬಂದೂಕಿನ ಸದ್ದೇ ಸದ್ದು, ಊರಿನ ನಿಜವಾದ ಸಂಜೆಗಳು ಯಾರಿಗೂ ಬೇಕಾಗಲಿಲ್ಲ.

ಪಚೂಕಾದಲ್ಲೂ ಬೆಳ್ಳಿ ಕುಗ್ಗಿತು, ಕೆ.ಜಿ.ಎಫ್.ನಲ್ಲೂ ಚಿನ್ನ ಕುಗ್ಗಿತು. ಗಣಿ ತೆಗೆದ ಮನೆತನ ಎರಡೂ ಕಡೆ ಒಂದೇ. ಅಲ್ಲಿ ತಂಡ ಎದ್ದು ಬಂತು, ಇಲ್ಲಿ ಏಳಲಿಲ್ಲ. ಯಾಕೆ? ಇಲ್ಲಿನ ಹುಡುಗರ ಕಾಲಿನಲ್ಲಿ ಕಸುವು ಕಡಿಮೆ ಇತ್ತು ಅಂತ ನಾನು ಒಪ್ಪುವುದಿಲ್ಲ. ಪಚೂಕಾದಲ್ಲಿ ಗಣಿಯ ಯಜಮಾನ ಹೋದ ಮೇಲೆ ತಂಡದ ಹೆಸರು ಊರಿನದಾಯಿತು, ಊರಿನ ಪರವಾಗಿ ರಾಜ್ಯ ಸರ್ಕಾರ ಅದನ್ನು ಹಿಡಿದುಕೊಂಡಿತ್ತು. ಕೆ.ಜಿ.ಎಫ್.ನಲ್ಲಿ ಮನೆ ಕಂಪನಿಯದು, ಆಸ್ಪತ್ರೆ ಕಂಪನಿಯದು, ನೀರು ಕಂಪನಿಯದು, ಆಡುವ ಬಯಲೂ ಕಂಪನಿಯದು. ಹನ್ನೆರಡು ಸಾವಿರ ಎಕರೆಯಷ್ಟು ನೆಲ ಒಂದೇ ಹೆಸರಿನಲ್ಲಿ. ಬೀಗ ಬಿದ್ದಾಗ ಎಲ್ಲಕ್ಕೂ ಒಟ್ಟಿಗೇ ಬಿತ್ತು.

ಇದು ಚಿನ್ನದ ಕತೆ ಮಾತ್ರ ಅಲ್ಲ. ಕುದುರೆಮುಖದ ಕಬ್ಬಿಣದ ಗಣಿ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತಿತು. ಕಾಡಿನ ದೃಷ್ಟಿಯಿಂದ ಆದದ್ದು ಒಳ್ಳೆಯದೇ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಮಂಗಳೂರಿನಲ್ಲಿದ್ದ ಅದರ ಪೆಲೆಟ್ ಕಾರ್ಖಾನೆ ನಿಲ್ಲಲಿಲ್ಲ. ಅದಕ್ಕೆ ಬೇಕಾದ ಅದಿರು ಎಲ್ಲಿಂದ ಹೋಯಿತು ಗೊತ್ತೇ? ನಾನು ಮೊದಲು ಹೇಳಿದ ಬೈಲಾಡಿಲದಿಂದ, ಇದೇ ವಿಶಾಖಪಟ್ಟಣದ ಮೂಲಕ, ಹಡಗಿನಲ್ಲಿ ಕನ್ಯಾಕುಮಾರಿಯ ಕಡೆಯಿಂದ ಸುತ್ತಿಕೊಂಡು. ಕಾರ್ಖಾನೆಗೆ ಬೇರೆ ಬೆಟ್ಟ ಸಿಕ್ಕಿತು. ಗಣಿ ಕೆಲಸದವರಿಗಾಗಿ ಕಟ್ಟಿದ ಕುದುರೆಮುಖದ ಟೌನ್‌ಶಿಪ್ಪಿಗೆ ಬೇರೇನೂ ಸಿಗಲಿಲ್ಲ. ಖಾಲಿ ಕ್ವಾರ್ಟರ್ಸುಗಳಿಗೆ ಬಳ್ಳಿ ಹಬ್ಬಿದೆ.

ಗೋವಾದಲ್ಲಿ ಇನ್ನೊಂದು ಬಗೆ. ಅಲ್ಲಿ ಗಣಿ ಮಾಲೀಕರೇ ಕ್ಲಬ್ಬುಗಳ ಮಾಲೀಕರು. ಡೆಂಪೊ, ಸಾಲ್ಗಾಂವ್ಕರ್ ಎರಡೂ ಅದಿರಿನ ಮನೆತನಗಳ ಹೆಸರು. ಕನ್ನಡದ ಕೂಲಿಕಾರರು ಸಾವಿರಗಟ್ಟಲೆ ನೆಲೆಸಿರುವ ವಾಸ್ಕೊದಲ್ಲೇ ಸಾಲ್ಗಾಂವ್ಕರ್ ತಂಡದ ನೆಲೆ. ಭಾರತದ ನಾಯಕನಾದ ಗೋಲ್‌ಕೀಪರ್ ಬ್ರಹ್ಮಾನಂ‌ದ ಸಂಖ್‌ವಾಳ್ಕರ್ ಆಡಿದ್ದು ಅಲ್ಲಿ. ಡೆಂಪೊ ಐದು ಸಲ ರಾಷ್ಟ್ರೀಯ ಲೀಗ್ ಗೆದ್ದಿತು. 2012ರಲ್ಲಿ ಗೋವಾದ ಗಣಿಗಾರಿಕೆಗೆ ತಡೆ ಬಿತ್ತು. 2016ರಲ್ಲಿ ಎರಡೂ ತಂಡಗಳು ಆ ರಾಷ್ಟ್ರೀಯ ಲೀಗಾದ ಐ-ಲೀಗಿನಿಂದ ಹೊರನಡೆದವು. ಹೊರನಡೆಯಲು ಅವರು ಕೊಟ್ಟ ಕಾರಣ ಬೇರೆ: ಫೆಡರೇಷನ್ ತಮ್ಮ ಲೀಗನ್ನು ಎರಡನೇ ದರ್ಜೆಗೆ ತಳ್ಳಲು ಹೊರಟಿದೆ ಎಂಬುದು. ಅದಿರಿನ ದುಡ್ಡು ಹರಿಯುತ್ತಿದ್ದರೆ ಹೀಗೆ ಮಾಡುತ್ತಿದ್ದರೋ ಇಲ್ಲವೋ, ಲೆಕ್ಕ ನೀವೇ ಹಾಕಿ. ಡೆಂಪೊ ಆಮೇಲೆ ಕೆಳಗಿನ ದರ್ಜೆಯಿಂದ ಆಡಿಕೊಂಡು ಐ-ಲೀಗಿಗೆ ಹಿಂತಿರುಗಿತು. ಗೋವಾದಲ್ಲಿ ಚರ್ಚಿನ ಪಕ್ಕ, ಗದ್ದೆಯ ಬದಿ, ಹಳ್ಳಿಗೊಂದು ಬಯಲಿದೆ, ಅದು ಊರಿನದು. ಯಜಮಾನರು ಕೈಬಿಟ್ಟರೂ ಆಟ ಸಾಯದಿರಲು ಅದೇ ಕಾರಣ ಅಂತ ನನ್ನ ನಂಬಿಕೆ.

ಇನ್ನು ನಾನಿರುವ ಆಂಧ್ರದ ಕಡಲತೀರ. ಇಲ್ಲಿನ ಗಣಿಗಾರಿಕೆ ನೂರಮೂವತ್ತು ವರ್ಷಕ್ಕೂ ಹಳೆಯದು. ಇಡೀ ಭಾರತದಲ್ಲಿ ಮ್ಯಾಂಗನೀಸ್ ಅದಿರು ಮೊದಲು ತೆಗೆದದ್ದು ಆಗಿನ ವಿಶಾಖಪಟ್ಟಣ ಜಿಲ್ಲೆಯಲ್ಲಿ, 1892ರಲ್ಲಿ. ವಿಜಯವಾಡಕ್ಕೆ ಕಲ್ಲಿದ್ದಲಿನ ನಂಟು. ನಮ್ಮ ಕಲಬುರಗಿ ಜಿಲ್ಲೆಯ ವಾಡಿಯಲ್ಲಿ ಶುರುವಾದ ನಿಜಾಮರ ರೈಲುದಾರಿ ಸಿಂಗರೇಣಿಯ ಕಲ್ಲಿದ್ದಲ ಸೀಮೆಯನ್ನು ಹಾದು 1889ರಲ್ಲಿ ಆಗ ಬೆಜವಾಡ ಎನ್ನುತ್ತಿದ್ದ ಈ ಊರು ಮುಟ್ಟಿತು. ಇವತ್ತಿಗೂ ಪಕ್ಕದ ಇಬ್ರಾಹಿಂಪಟ್ಟಣದ ಉಷ್ಣವಿದ್ಯುತ್ ಸ್ಥಾವರದ ಚಿಮಣಿಗಳಿಗೆ ಕಲ್ಲಿದ್ದಲಿನ ಗಾಡಿಗಳು ಬರುತ್ತಲೇ ಇವೆ. ಇಷ್ಟಾದರೂ ಈ ಎರಡೂ ಊರುಗಳ ಹೆಸರು ದೇಶದ ಫುಟ್ಬಾಲಿನಲ್ಲಿ ದೊಡ್ಡದಾಗಿ ಕೇಳಲಿಲ್ಲ. 1965-66ರಲ್ಲಿ ಆಂಧ್ರಪ್ರದೇಶ ಸಂತೋಷ್ ಟ್ರೋಫಿ ಗೆದ್ದದ್ದು ನಿಜ. ಆ ಬಲ ಹೈದರಾಬಾದಿನದು. ತರಬೇತುದಾರ ರಹೀಂ ಸಾಹೇಬರು ಅಲ್ಲಿನ ಪೊಲೀಸ್ ತಂಡದಲ್ಲಿ ಬೆಳೆಸಿದ ಪರಂಪರೆ. 2014ರಲ್ಲಿ ರಾಜ್ಯ ಎರಡಾದಾಗ ಆ ಪರಂಪರೆ ತೆಲಂಗಾಣದ ಪಾಲಿಗೆ ಹೋಯಿತು. ವಿಜಯವಾಡದ ಇಂದಿರಾ ಗಾಂಧಿ ಸ್ಟೇಡಿಯಂ ಈಗ ಹೆಚ್ಚಾಗಿ ಸುದ್ದಿಗೆ ಬರುವುದು ಸ್ವಾತಂತ್ರ್ಯ ದಿನದ ಪರೇಡಿಗೆ.

ಕಾರಣ ಸುಲಭ. ಬೈಲಾಡಿಲದ ಬೆಟ್ಟ ಒಂದು ಕಡೆ, ಟಿಪ್ಲರ್ ಇನ್ನೊಂದು ಕಡೆ. ಅದಿರು ಇಲ್ಲಿ ನಿಲ್ಲುವುದಿಲ್ಲ, ಹಾದುಹೋಗುತ್ತದೆ. ಅದರೊಡನೆ ಬದುಕಿದ ಒಂದು ಊರು ಕಟ್ಟಿಕೊಳ್ಳದೆ ತಂಡ ಹೇಗೆ ಕಟ್ಟಿಕೊಂಡೀತು? ಹಾಗೆ ಕಟ್ಟಿಕೊಂಡ ಒಂದೇ ಜಾಗ ಉಕ್ಕುನಗರಂ, ಉಕ್ಕಿನ ಕಾರ್ಖಾನೆಯ ಕಾಲೊನಿ. 1966ರ ಚಳವಳಿಯಲ್ಲಿ ಜನ ಪ್ರಾಣಕೊಟ್ಟು ಪಡೆದ ಕಾರ್ಖಾನೆ ಅದು. ವಿಚಿತ್ರ ನೋಡಿ, ಇಷ್ಟು ದೊಡ್ಡ ಉಕ್ಕಿನ ಕಾರ್ಖಾನೆಗೆ ಸ್ವಂತದ್ದೊಂದು ಕಬ್ಬಿಣದ ಗಣಿ ಇಲ್ಲ. ಅದಿರನ್ನು ದುಡ್ಡು ಕೊಟ್ಟೇ ಕೊಳ್ಳಬೇಕು. ಕಾಲೊನಿಯ ಮೈದಾನಗಳಲ್ಲಿ ಸಂಜೆ ಐದರ ನಂತರ ಚೆಂಡಿನ ಸದ್ದು ಕೇಳುತ್ತದೆ. ತೆಲುಗು, ಒಡಿಯಾ, ಹಿಂದಿ, ಒಮ್ಮೊಮ್ಮೆ ಕನ್ನಡ, ಎಲ್ಲ ಭಾಷೆಯಲ್ಲೂ ಬೈಗುಳ ಕೇಳುತ್ತದೆ. 2021ರ ಜನವರಿಯಲ್ಲಿ ಕೇಂದ್ರ ಸರ್ಕಾರ ಈ ಕಾರ್ಖಾನೆಯನ್ನು ಪೂರ್ತಿ ಮಾರುವ ನಿರ್ಧಾರಕ್ಕೆ ಬಂತು. ಕಾರ್ಮಿಕರು ಬೀದಿಗಿಳಿದರು. 2025ರ ಆರಂಭದಲ್ಲಿ 11,440 ಕೋಟಿ ರೂಪಾಯಿಯ ನೆರವು ಘೋಷಣೆಯಾಯಿತು. ಸಂಬಳ, ಪಿಂಚಣಿ, ಅದಿರು, ಸಾಲ ಎಲ್ಲದರ ಬಗ್ಗೆಯೂ ಇಲ್ಲಿ ಚರ್ಚೆ ನಡೆಯುತ್ತದೆ. ಮೈದಾನದ ಬಗ್ಗೆ ಯಾರಾದರೂ ಕೇಳಿದ್ದನ್ನು ನಾನು ಕಂಡಿಲ್ಲ. ಕೇಳಿದರೆ, ಹೊಟ್ಟೆಯ ಮಾತಿನ ನಡುವೆ ಆಟದ ಮಾತೇನು ಅಂತ ನಕ್ಕಾರು. ನಗಲಿ ಬಿಡಿ. ಕೆ.ಜಿ.ಎಫ್.ನಲ್ಲೂ 2001ರಲ್ಲಿ ಹೀಗೇ ಆಗಿತ್ತು.

ಮತ್ತೆ ನಮ್ಮ ನಾಡಿಗೆ ಬರೋಣ. 2023ರ ಮಾರ್ಚಿನಲ್ಲಿ ಕರ್ನಾಟಕ ತಂಡ ಸೌದಿಯ ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ, ಐವತ್ತನಾಲ್ಕು ವರ್ಷಗಳ ಮೇಲೆ ಸಂತೋಷ್ ಟ್ರೋಫಿಯನ್ನು ಮನೆಗೆ ತಂದಿತು. ಆಟ ನಮ್ಮಲ್ಲಿ ಬತ್ತಿಹೋಗಿಲ್ಲ ಅನ್ನುವುದಕ್ಕೆ ಅಷ್ಟು ಸಾಕ್ಷಿ ಸಾಕು. ಮರುವರ್ಷ, 2024ರ ಜೂನಿನಲ್ಲಿ, ಕರ್ನಾಟಕದ ಸಚಿವ ಸಂಪುಟ ಇನ್ನೊಂದು ತೀರ್ಮಾನ ಮಾಡಿತು. ಕೆ.ಜಿ.ಎಫ್.ನ ಹದಿಮೂರು ಸೈನೈಡ್ ದಿಬ್ಬಗಳಿಂದ, ಸಾವಿರ ಎಕರೆಗೂ ಹೆಚ್ಚು ಜಾಗದಲ್ಲಿ, ಉಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಹರಾಜು, ಗುತ್ತಿಗೆ, ರಾಯಧನ ಅಂತ ಮತ್ತೆ ಕಾಗದ ಓಡಾಡತೊಡಗುತ್ತದೆ. ಆ ಕಾಗದಗಳಿಗೆ ಸಹಿ ಬೀಳುವ ಮುಂಚೆ ಅಲ್ಲಿನ ರಾಬರ್ಟ್‌ಸನ್‌ಪೇಟೆ ನಗರಸಭೆಯವರು ಒಂದು ಅರ್ಜಿ ಹಾಕಲಿ. ಚಾಂಪಿಯನ್ ರೀಫ್‌ನಲ್ಲೋ ಊರಿಗಾಂನಲ್ಲೋ ಹುಡುಗರು ಈಗಲೂ ಆಡುತ್ತಿರುವ ಬಯಲನ್ನು ಅಳತೆ ಮಾಡಿಸಿ, ಕಲ್ಲು ನೆಡಿಸಿ, ಖಾತೆಯನ್ನು ಊರಿನ ಹೆಸರಿಗೆ ಮಾಡಿಸಿಕೊಳ್ಳಲಿ. ಕ್ಲಬ್ಬನ್ನು ಯಾರು ಕಟ್ಟುತ್ತಾರೆ, ಯಾವ ದರ್ಜೆಯಲ್ಲಿ ಆಡುತ್ತದೆ ಅನ್ನುವುದನ್ನು ಆಮೇಲೆ ನೋಡಿಕೊಂಡರಾಯಿತು.